ಕಾಲಿಗೆ ಕಟ್ಟಿದ ಅಕ್ಕಿ

ನನ್ನ ಬಲ ಮೊಣಕಾಲಿನ ಚಿಪ್ಪು ಜಾರಿದಾಗ ನಾನು ರಾಯಚೂರಿನ ಕಾನ್ವೆಂಟಿನಲ್ಲಿ ಒಂಬತ್ತನೇ ಕ್ಲಾಸು. ಎಪ್ಪತ್ತರ ದಶಕ ಅರ್ಧ ದಾಟಿತ್ತು. ಸಂಜೆ ಖೋ-ಖೋ ಆಡುತ್ತಿದ್ದೆವು. ಕುಕ್ಕರಗಾಲಿನಲ್ಲಿ ಕೂತಿದ್ದ ನನ್ನ ಬೆನ್ನಿಗೆ ಖೋ ಬಿತ್ತು. ಎದ್ದು ಒಮ್ಮೆಲೇ ತಿರುಗಿದೆ. ಪಾದ ನೆಲದಲ್ಲೇ ಉಳಿಯಿತು, ಮೈ ಮಾತ್ರ ತಿರುಗಿತು. ಬಿದ್ದ ಮೇಲೆ ನೋಡಿಕೊಂಡರೆ ಚಿಪ್ಪು ಇರಬೇಕಾದಲ್ಲಿ ತಗ್ಗು, ಹೊರಮಗ್ಗುಲಿಗೆ ಒಂದು ಗಂಟು.

ಕಾನ್ವೆಂಟಿನ ಹುಡುಗಿಯರು ಅಳಬಾರದು, ಅತ್ತರೂ ಕರ್ಚೀಫಿನೊಳಗೆ ಅಳಬೇಕು ಎಂದು ನಮಗೆ ಹೇಳಿಕೊಟ್ಟಿದ್ದರು. ಅವತ್ತು ನಾನು ಊರಿನ ಹಳೆಯ ಕೋಟೆಗೋಡೆಗೂ ಕೇಳುವಂತೆ ಅತ್ತೆ. ಗೇಮ್ಸ್ ನೋಡಿಕೊಳ್ಳುತ್ತಿದ್ದ ಸಿಸ್ಟರ್ ನನ್ನ ಹಿಮ್ಮಡಿ ಹಿಡಿದು ಬಹಳ ನಿಧಾನವಾಗಿ ಕಾಲು ನೀಳ ಮಾಡಿದರು. ಚಿಪ್ಪು ಟಕ್ಕೆಂದು ಒಳಗೆ ಕೂತಿತು. ನೋವು ಅರ್ಧ ಇಳಿಯಿತು. ಆದರೆ ಅದು ಮತ್ತೆ ಜಾರಬಹುದು ಎಂಬ ಭಯ ಅದೇ ಕ್ಷಣ ನನ್ನೊಳಗೆ ಹೊಕ್ಕಿತು.

ಮೂಳೆ ಡಾಕ್ಟರು ತೊಡೆಯಿಂದ ಕಣಕಾಲಿನವರೆಗೆ ಪ್ಲಾಸ್ಟರ್ ಹಾಕಿದರು. ಅವರು ಮೈಸೂರು ಕಡೆಯ ತರುಣ. ಆಗಷ್ಟೇ ಊರಿಗೆ ಬಂದಿದ್ದರು. ತಿಂಗಳಾದ ಮೇಲೆ ಅದನ್ನು ಕತ್ತರಿಸಿ ತೆಗೆದಾಗ ಒಳಗಿಂದ ಬಂದದ್ದು ನನ್ನ ಕಾಲೇ ಅಲ್ಲ. ತೊಡೆ ಸೊರಗಿ, ಚರ್ಮ ಸುಲಿದು, ಯಾರದೋ ರೋಗಿಷ್ಟ ಹುಡುಗಿಯ ಕಾಲನ್ನು ನನಗೆ ಜೋಡಿಸಿದಂತಿತ್ತು. ಡಾಕ್ಟರು ಟೈಲರ್ ಟೇಪು ತೆಗೆದು ಎರಡೂ ತೊಡೆಗಳನ್ನು ಅಳೆದು ಬರೆದುಕೊಂಡರು. ಚಿಪ್ಪು ಒಂದು ಕಾಲುವೆಯೊಳಗೆ ಓಡಾಡುತ್ತದೆ, ತೊಡೆಯ ಸ್ನಾಯು ಅದನ್ನು ಹಗ್ಗದಂತೆ ಹಿಡಿದಿರುತ್ತದೆ, ಹಗ್ಗ ಸಡಿಲವಾದರೆ ಚಿಪ್ಪು ಮತ್ತೆ ದಾರಿ ತಪ್ಪುತ್ತದೆ ಎಂದು ವಿವರಿಸಿದರು. "ಪ್ಲಾಸ್ಟರ್ ಹಾಕೋದು ನನ್ನ ಕೆಲಸ, ಮುಗೀತು. ಹಗ್ಗ ಬಿಗಿ ಮಾಡೋದು ನಿನ್ನ ಕೆಲಸ," ಎಂದರು. ದಿನಕ್ಕೆ ಮೂರು ಹೊತ್ತು ಮಲಗಿಕೊಂಡು ಕಾಲನ್ನು ಮಡಚದೆ ಮೇಲೆತ್ತಬೇಕು, ಹತ್ತು ಎಣಿಸಿ ಇಳಿಸಬೇಕು. ಕಣಕಾಲಿಗೊಂದು ತೂಕ ಕಟ್ಟಿಕೊಂಡು, ವಾರ ವಾರಕ್ಕೆ ಅದನ್ನು ಹೆಚ್ಚಿಸಬೇಕು.

ಅಪ್ಪ ನನ್ನನ್ನು ಕರೆದುಕೊಂಡು ಹೋಗಲು ಕಾನ್ವೆಂಟಿನ ಭೇಟಿಕೋಣೆಯಲ್ಲಿ ಕೂತಿದ್ದಾಗ ಅಲ್ಲಿಯ ಮುಖ್ಯಸ್ಥೆ ಮದರ್ ಒಂದು ಮಾತು ಹೇಳಿದರು. ಹತ್ತನೇ ಕ್ಲಾಸು ಮೇಲಿನ ಮಹಡಿಯಲ್ಲಿದೆ, ಹಾಸ್ಟೆಲಿನ ಹಾಸಿಗೆಗಳೂ ಮೇಲೆಯೇ ಇವೆ. ಇಪ್ಪತ್ತೆರಡು ಮೆಟ್ಟಿಲು. ಪರೀಕ್ಷೆ ಬರೆಯದಿದ್ದರೂ ಈ ವರ್ಷ ನನ್ನನ್ನು ಪಾಸು ಮಾಡುತ್ತಾರೆ. ಜೂನಿನಲ್ಲಿ ಬಂದು ಯಾರ ಆಸರೆಯೂ ಇಲ್ಲದೆ ಹತ್ತಿ ಇಳಿದು ತೋರಿಸಿದರೆ ಸೀಟು. ಇಲ್ಲವಾದರೆ ಮುಂದಿನ ವರ್ಷ ಮನೆಯಲ್ಲಿರಲಿ. ಮದರ್ ಕಠಿಣ ಹೆಂಗಸಲ್ಲ. ಮೆಟ್ಟಿಲಿನ ಮೇಲೆ ನಾನು ಬಿದ್ದರೆ ಎಂಬ ಚಿಂತೆ ಅವರದು. ಆದರೆ ಮುಂದಿನ ವರ್ಷ ಮನೆಯಲ್ಲಿರುವುದೆಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಸೋದರತ್ತೆ ಆಗಲೇ ಗಬ್ಬೂರಿನ ಒಂದು ಮನೆತನದ ಮಾತು ತಂದಿದ್ದಳು. ಕಾಲಿನ ಸುದ್ದಿ ಊರೂರು ಮುಟ್ಟುವುದರೊಳಗೆ ಹುಡುಗಿಯ ಲಗ್ನ ಮಾಡಿ ಮುಗಿಸಬೇಕೆಂಬುದು ಅವಳ ವಾದ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಜೂನ್ ನೋಡೋಣ ಅಂದ.

ನಮ್ಮ ಮನೆ ಮತ್ತು ಅಪ್ಪನ ರೈಸ್ ಮಿಲ್ಲು ಇದ್ದದ್ದು ಮಾನ್ವಿಯಲ್ಲಿ. ಆದರೆ ಅಮ್ಮ ಹೆರಿಗೆಗೆಂದು ದೇವದುರ್ಗದ ತವರಿಗೆ ಹೋದವಳು ತಮ್ಮನನ್ನು ಹೆತ್ತು ಅಲ್ಲೇ ಇದ್ದಳು. ನನ್ನನ್ನೂ ಅಲ್ಲಿಗೇ ಬಿಟ್ಟರು. ಅಜ್ಜಿಗೆ, ಅಂದರೆ ಅಮ್ಮನ ಅಮ್ಮನಿಗೆ, ಆರೈಕೆಯ ದಾರಿ ಒಂದೇ ಗೊತ್ತಿತ್ತು, ಅದು ಬಾಣಂತನ. ಅಮ್ಮನ ಜೊತೆ ನನಗೂ ತಲೆಗೆ ಅರಿವೆ ಕಟ್ಟಿದಳು, ಕಿವಿಗೆ ಹತ್ತಿ ಇಟ್ಟಳು, ಸುಡುವ ನೀರು ಹೊಯ್ದಳು, ಲೋಬಾನದ ಹೊಗೆ ಹಿಡಿದಳು, ಅಂಟಿನ ಉಂಡೆ ತಿನ್ನಿಸಿದಳು. ಮನೆಗೆ ಬಂದವರು ಇಬ್ಬರಲ್ಲಿ ಹೆತ್ತವಳು ಯಾರೆಂದು ಕೇಳಬೇಕಾಗುತ್ತಿತ್ತು. ನಾಚಿಕೆಯಿಂದ ನಾನು ಇಂಗ್ಲಿಷ್ ರೀಡರಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಆದರೆ ವ್ಯಾಯಾಮವನ್ನು ಅಜ್ಜಿ ಪೂಜೆಯಂತೆ ಹಿಡಿದಳು. ಹತ್ತು ಎಣಿಸುವುದು ಅವಳಿಗೆ ಸಪ್ಪೆ. ನಾನು ಕಾಲೆತ್ತಿದರೆ ಅವಳು ಪಕ್ಕದಲ್ಲಿ ಕೂತು ಐದು ಸಲ ಓಂ ನಮಃ ಶಿವಾಯ ಅನ್ನುತ್ತಿದ್ದಳು. ಐದನೆಯದನ್ನು ಅರ್ಧಕ್ಕೆ ನಿಲ್ಲಿಸಿ, ಒಲೆಯ ಮೇಲಿನ ಹಾಲಿನ ಕಡೆ ಒಮ್ಮೆ ಕತ್ತು ಚಾಚಿ ನೋಡಿ, ಆಮೇಲೆ ಮುಗಿಸುತ್ತಿದ್ದಳು. ಅಷ್ಟರಲ್ಲಿ ನನ್ನ ತೊಡೆ ಥರಥರ ನಡುಗುತ್ತಿತ್ತು.

ತೂಕವನ್ನು ಅಪ್ಪ ಮಾನ್ವಿಯಿಂದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದ. ವ್ಯಾಪಾರಿಗಳಿಗೆ ಮಾದರಿ ತೋರಿಸಲು ಮಿಲ್ಲಿನಲ್ಲಿ ಸಣ್ಣ ಸಣ್ಣ ಬಿಳಿ ಚೀಲಗಳಿರುತ್ತಿದ್ದವು. ಅದರಲ್ಲಿ ಅಕ್ಕಿ ತುಂಬಿ, ತಕ್ಕಡಿಯಲ್ಲಿ ಸರಿಯಾಗಿ ತೂಗಿ, ಬಾಯಿ ಹೊಲಿದು, ಮೇಲೆ ನೀಲಿ ಪೆನ್ಸಿಲಿನಲ್ಲಿ ಒಂದನೇ ವಾರ, ಎರಡನೇ ವಾರ ಎಂದು ಬರೆದಿರುತ್ತಿದ್ದ. ಉಸುಕು ತುಂಬಬಹುದಿತ್ತಲ್ಲ ಅಂತ ಕೇಳಬಹುದು. ಹಸುಗೂಸು, ಬಾಣಂತಿ ಇರುವ ಅತ್ತೆಯ ಮನೆಗೆ ಅಳಿಯನಾದವನು ಚೀಲದಲ್ಲಿ ಉಸುಕು ಕಳಿಸುತ್ತಾನೆಯೇ? ಅಪ್ಪನ ಮರ್ಯಾದೆ ಅದಕ್ಕೆ ಒಪ್ಪುವಂಥದ್ದಲ್ಲ.

ಮೊದಲನೇ ವಾರದ ಅರ್ಧ ಕಿಲೋ ಚೀಲ ಎತ್ತುವಾಗ ಕಣ್ಣಲ್ಲಿ ನೀರು ಬಂತು. ಎರಡನೇ ವಾರದ್ದು, ಆಶ್ಚರ್ಯ, ಅದಕ್ಕಿಂತ ಹಗುರ ಅನ್ನಿಸಿತು. ನಾಲ್ಕನೇ ವಾರದ ಚೀಲ ತಲೆದಿಂಬಿನಷ್ಟು ದಪ್ಪ ಇತ್ತು, ಎರಡು ಕಿಲೋ ಎಂದು ಬರೆದಿತ್ತು. ಅದನ್ನು ಕಟ್ಟಿಕೊಂಡು ಕಾಲನ್ನು ಗಾಳಿಯಲ್ಲಿ ಆಡಿಸಿದೆ. ಖುಷಿಯಿಂದ ಮದರ್‌ಗೆ ಒಂದು ಪೋಸ್ಟ್ ಕಾರ್ಡ್ ಬರೆದೆ. ಐ ಆಮ್ ಇಂಪ್ರೂವಿಂಗ್ ಬೈ ಲೀಪ್ಸ್ ಅಂಡ್ ಬೌಂಡ್ಸ್. ಹದಿನೈದರ ವಯಸ್ಸಿನಲ್ಲಿ ತನ್ನ ಶಕ್ತಿಯನ್ನು ಸಂಶಯಪಡುವುದು ಯಾರಿಗೂ ಬರುವುದಿಲ್ಲ.

ಆರು ವಾರವಾದ ಮೇಲೆ ಅಪ್ಪ ನನ್ನನ್ನು ರಾಯಚೂರಿಗೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ತೋರಿಸಿ ಹೊಗಳಿಸಿಕೊಳ್ಳಬೇಕೆಂದು ಆ ವಾರದ ದೊಡ್ಡ ಚೀಲವನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಡಾಕ್ಟರು ಟೇಪು ಹಾಕಿದರು. ಇನ್ನೊಮ್ಮೆ ಹಾಕಿದರು. ಹಳೆಯ ಚೀಟಿ ತೆಗೆದು ನೋಡಿದರು. ಬಲತೊಡೆ ಒಂದು ಎಳೆಯಷ್ಟೂ ತುಂಬಿರಲಿಲ್ಲ. ವ್ಯಾಯಾಮ ಮಾಡುತ್ತಿಲ್ಲವೇ ಅಂತ ಕೇಳಿದರು. ದಿನಕ್ಕೆ ಮೂರು ಹೊತ್ತು, ಮೂರು ಕಿಲೋ ಎಂದು ನಾನು ಹೆಮ್ಮೆಯಿಂದ ಚೀಲ ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನು ಅಂಗೈಯಲ್ಲಿ ತೆಗೆದುಕೊಂಡು ಚೆಂಡಿನಂತೆ ಮೇಲೆಸೆದು ಹಿಡಿದರು. ನಗಲು ಹೊರಟವರು ನನ್ನ ಮುಖ ನೋಡಿ ನಗಲಿಲ್ಲ. ಕತ್ತರಿಯಿಂದ ಹೊಲಿಗೆ ಬಿಚ್ಚಿದರು.

ಒಳಗೆ ಭತ್ತದ ಹೊಟ್ಟು.

ಅಪ್ಪ ಒಂದು ಚಿಟಿಕೆ ಎತ್ತಿ ಮೂಸಿ ನೋಡಿದ. "ಇದು ನಮ್ಮ ಮಿಲ್ಲಿಂದಲ್ಲ," ಅಂದ. ಅಷ್ಟೊಂದು ಅವಮಾನದ ನಡುವೆಯೂ ಅವನಿಗೆ ಅದನ್ನು ಹೇಳದಿರಲು ಆಗಲಿಲ್ಲ.

ದೇವದುರ್ಗದ ಬಸ್ಸು ಹತ್ತಿದೆವು. ನಾನು ಕಿಟಕಿಗೆ ಹಣೆ ಹಚ್ಚಿ ಲೆಕ್ಕ ಹಾಕಿದೆ. ದಿನಾ ನನ್ನ ಕಾಲಿಗೆ ಚೀಲ ಕಟ್ಟುತ್ತಿದ್ದವಳು ಅಜ್ಜಿ. ಬದಲಿಸಿದವಳೂ ಅಜ್ಜಿಯೇ. ಯಾಕೆ? ಗಬ್ಬೂರಿನ ಬಳಿ ಬಸ್ಸು ನಿಂತಾಗ ಉತ್ತರ ಸಿಕ್ಕಿತೆಂದುಕೊಂಡೆ. ಅವಳಿಗೂ ನಾನು ಮನೆಯಲ್ಲಿ ಕೂರಬೇಕು, ಬೇಗ ಲಗ್ನವಾಗಬೇಕು. ಓಂ ನಮಃ ಶಿವಾಯ ಎಲ್ಲ ನಾಟಕ.

ದೇವದುರ್ಗದ ಮನೆಯಲ್ಲಿ ಅಪ್ಪ ಪಡಸಾಲೆಯಲ್ಲಿ ನಿಂತ. ಅಜ್ಜಿ ಸೆರಗು ಎಳೆದುಕೊಂಡು ಅಡುಗೆಮನೆಯ ಬಾಗಿಲ ಹಿಂದೆ ನಿಂತಳು. ಆ ಕಾಲದಲ್ಲಿ ಅತ್ತೆಯಾದವಳು ಅಳಿಯನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಹದಿನಾರು ವರ್ಷದಲ್ಲಿ ಅವರಿಬ್ಬರ ನಡುವೆ ಒಂದು ಮಾತೂ ನೇರವಾಗಿ ಹೋಗಿರಲಿಲ್ಲ. ಮಧ್ಯದಲ್ಲಿ ಯಾರಾದರೂ ಇರಬೇಕು. ಅವತ್ತು ಮಧ್ಯದ ಮಂಚದ ಮೇಲೆ ನಾನಿದ್ದೆ.

"ಕೇಳು ನಿಮ್ಮಜ್ಜಿನ, ನಾ ಕಳಿಸಿದ ಅಕ್ಕಿ ಏನಾತು ಅಂತ," ಅಂದ ಅಪ್ಪ.

"ಹೇಳು ನಿಮ್ಮಪ್ಪಗ," ಬಾಗಿಲ ಹಿಂದಿನಿಂದ ಬಂತು, "ಅಕ್ಕಿ ಎಲ್ಲಿ ಹೋಗಿಲ್ಲ. ಬಾಣಂತಿ ಉಂಡಾಳ, ನೀ ಉಂಡೀದಿ, ಮೊನ್ನೆ ಬಂದಾಗ ಅವರೂ ಉಂಡಾರ."

"ಹೊಟ್ಟು ಯಾಕ ತುಂಬಿದ್ರು ಅಂತ ಕೇಳು."

"ಒಂದು ಅಗುಳಿಗೆ ಕಾಲು ತಾಗಿದ್ರ ಕಣ್ಣಿಗೆ ಒತ್ತಿಕೊಳ್ಳೋ ಮಂದಿ ನಾವು. ದಿನಕ್ಕ ಮೂರು ಹೊತ್ತು ಕಾಲಿಗೆ ಕಟ್ಟಿದ್ರ ಆ ಕಾಲು ಆರಾಮ ಆಗ್ತದೇನು?"

ನನಗೆ ತಡೆಯಲಾಗಲಿಲ್ಲ. ನಾನು ಸಾಲಿಗೆ ಹೋಗಬಾರದಂತ ನೀ ಹಿಂಗ ಮಾಡೀದಿ ಎಂದು ಕಿರುಚಿದೆ. ಕಾನ್ವೆಂಟು, ಕರ್ಚೀಫು ಎಲ್ಲ ಮರೆತುಹೋಗಿತ್ತು. ಜೂನಿಗೆ ಹತ್ತು ವಾರ ಉಳಿದಿತ್ತು. ಆರು ವಾರ ಹೊಟ್ಟಿನ ಜೊತೆ ಹಾರಿಹೋಗಿತ್ತು.

ಅಜ್ಜಿ ಬಾಗಿಲು ದಾಟಿ ಹೊರಗೆ ಬಂದಳು. ಅಳಿಯನ ಎದುರಿನಲ್ಲೇ ನನ್ನ ಮಂಚದ ಮೇಲೆ ಕೂತಳು. ಅವಳ ಕೈ ನನ್ನ ಮೊಣಕಾಲಿನ ಮೇಲಿತ್ತು. "ನಿನ್ನ ಕಾಲು ಬ್ಯಾಡಂದಿಲ್ಲ ಯವ್ವಾ ನಾ. ಅಕ್ಕಿ ಬ್ಯಾಡಂದೆ."

ಮೊದಲೇ ಹೇಳಬಹುದಿತ್ತಲ್ಲ ಅಂತ ಕೇಳಿದೆ. ಅಳಿಯಂದಿರು ಕಳಿಸಿದ್ದನ್ನ ಹೊಳ್ಳಿ ಕಳಿಸ್ತಾರೇನು ಎಂದು ಅವಳು ನನ್ನನ್ನೇ ಕೇಳಿದಳು. ಹೊಟ್ಟಿನ ಚೀಲ ಹಗುರ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಕಾಲನ್ನು ವಾಸಿ ಮಾಡುವುದು ಎತ್ತಿ ಇಳಿಸುವುದು ಮತ್ತು ಶಿವನಾಮ, ಚೀಲ ಡಾಕ್ಟರನ ಒಂದು ಶಾಸ್ತ್ರ ಎಂದು ಅವಳು ಪ್ರಾಮಾಣಿಕವಾಗಿ ನಂಬಿದ್ದಳು.

ಅಪ್ಪ ಸೋತ ದನಿಯಲ್ಲಿ, ಮೊದಲ ಸಲ ನೇರವಾಗಿ ಅವಳಿಗೇ ಹೇಳಿದ. "ಅತ್ತಿ, ನಮ್ಮ ಮಿಲ್ಲಿನಾಗ ದಿನಾ ಹತ್ತು ಹನ್ನೆರಡು ಮಂದಿ ಹೆಣ್ಮಕ್ಕಳು ಭತ್ತದಾಗ ಕಾಲಿಟ್ಟು ಅಡ್ಡಾಡ್ತಾರರೀ. ನೀವು ಉಣ್ಣೋದೂ ಅದೇ ಅಕ್ಕಿ."

"ಅದು ಭತ್ತರೀ," ಅಂದಳು ಅಜ್ಜಿ. ಅವಳ ತಲೆ ಬಗ್ಗಿತ್ತು, ದನಿ ಬಗ್ಗಿರಲಿಲ್ಲ. "ಸಿಪ್ಪಿಯೊಳಗ ಇರೋತನ ಅದು ಬೀಜ. ಅದರಾಗ ಕಾಲಿಡದಿದ್ರ ಬಿತ್ತೋದು ಹ್ಯಾಂಗ? ಸಿಪ್ಪಿ ಬಿಟ್ಟ ಮ್ಯಾಲ ಅನ್ನ."

ಸಿಪ್ಪೆಯನ್ನೂ ಅಕ್ಕಿಯನ್ನೂ ಬೇರೆ ಮಾಡುವುದೇ ಕಸುಬಾಗಿದ್ದ ಅಪ್ಪ ಆ ಮಾತಿಗೆ ತಲೆಯಾಡಿಸಿದ. ಅವತ್ತೇ ಸಂಜೆ ಅಜ್ಜಿ ತನ್ನ ಹಳೆಯ ಇಳಕಲ್ ಸೀರೆ ಹರಿದು ಐದು ಚೀಲ ಹೊಲಿದಳು, ಹೊಳೆಯ ಉಸುಕು ತರಿಸಿ ತುಂಬಿದಳು. ಪಕ್ಕದ ಅಂಗಡಿಯ ತಕ್ಕಡಿಯಲ್ಲಿ ತಾನೇ ನಿಂತು ತೂಗಿಸಿಕೊಂಡು ಬಂದಳು. ಮೊದಲನೇ ಉಸುಕಿನ ಚೀಲ ಕಟ್ಟಿದಾಗ ನನ್ನ ಕಾಲು ಮಂಚ ಬಿಟ್ಟು ಒಂದು ಗೇಣೂ ಏಳಲಿಲ್ಲ.

ವಾರದೊಳಗೆ ಅಮ್ಮ, ಕೂಸು, ನಾನು ಮಾನ್ವಿಗೆ ಹೊರಟೆವು. ಅಜ್ಜಿ ತನ್ನ ಟ್ರಂಕನ್ನೂ ಜೀಪಿಗೆ ಹಾಕಿಸಿದಳು. ಮಗಳನ್ನು ಕೊಟ್ಟ ಮನೆಯಲ್ಲಿ ಎರಡು ರಾತ್ರಿಗಿಂತ ಹೆಚ್ಚು ಉಳಿಯದವಳು, ಆ ಸಲ ಜೂನಿನವರೆಗೂ ಉಳಿದಳು. ಸೋದರತ್ತೆ ಬಂದಾಗಲೆಲ್ಲ ಚುಚ್ಚಿ ಆಡಿದ ಮಾತುಗಳನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ನನ್ನ ಪಕ್ಕದಲ್ಲಿ ಕೂತು ಐದೈದು ಸಲ ಶಿವನಾಮ ಎಣಿಸಿದಳು. ಹಾಲಿನ ಕಡೆ ಕತ್ತು ಚಾಚುವುದನ್ನು ಮಾತ್ರ ಬಿಡಲಿಲ್ಲ.

ಭತ್ತದಲ್ಲಿ ನಡೆಯುವ ವಿಚಾರ ಹೊಳೆದದ್ದು ಅಪ್ಪನಿಗೆ. ಮಿಲ್ಲಿನ ಹಿಂದೆ ಸಿಮೆಂಟಿನ ದೊಡ್ಡ ಅಂಗಳವಿತ್ತು. ಕುದಿಸಿದ ಭತ್ತವನ್ನು ಅಲ್ಲಿ ಬಿಸಿಲಿಗೆ ಹರವುತ್ತಿದ್ದರು. ಹೆಣ್ಣಾಳುಗಳು ಬರಿಗಾಲನ್ನು ಎತ್ತದೆ, ಎಳೆಯುತ್ತ, ಈ ತುದಿಯಿಂದ ಆ ತುದಿಗೆ ಸಾಲು ಹೊಡೆಯುತ್ತಿದ್ದರು. ಅಡಿಯದು ಮೇಲೆ, ಮೇಲಿನದು ಅಡಿಗೆ. ಪಾದದ ಮುಂದೆ ಭತ್ತ ಗುಡ್ಡೆಯಾಗಿ ತಡೆಯುತ್ತದೆ, ತೊಡೆ ಅದನ್ನು ನೂಕಬೇಕು. ಅಪ್ಪ ಇದನ್ನು ಡಾಕ್ಟರಿಗೆ ಬಾಯಲ್ಲಿ ಹೇಳಲಾಗದೆ ಆಸ್ಪತ್ರೆಯ ನೆಲದ ಮೇಲೆ ಧೋತರ ಹಿಡಿದುಕೊಂಡು ಮಾಡಿ ತೋರಿಸಿದ. ಡಾಕ್ಟರು ಕುರ್ಚಿಯಿಂದೆದ್ದು ಹಿಂದೆ ಹಿಂದೆ ನಡೆದು ನೋಡಿದರು. "ಮದ್ರಾಸಿನಲ್ಲಿ ಇದಕ್ಕೆ ಮಶೀನಿದೆ. ನಿಮ್ಮಲ್ಲಿ ಭತ್ತ ಇದೆ, ಮಾಡಲಿ," ಎಂದರು. ಒಂದೇ ಷರತ್ತು. ಸಾಲಿನ ತುದಿಯಲ್ಲಿ ಪಾದ ಊರಿಕೊಂಡು ಮೊಣಕಾಲು ತಿರುಚಬಾರದು. ಇಡೀ ಮೈ ಒಟ್ಟಿಗೆ, ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗಬೇಕು.

ಆ ಅಂಗಳದ ಒಡತಿ ಅಪ್ಪ ಅಲ್ಲ, ನಾವೆಲ್ಲ ಖಾಲಾ ಎಂದು ಕರೆಯುತ್ತಿದ್ದ ಒಬ್ಬ ಮುದುಕಿ. ಹೆಣ್ಣಾಳುಗಳ ಮೇಸ್ತ್ರಿ. ಮನೆಯಲ್ಲಿ ದಖನಿ, ಅಂಗಳದಲ್ಲಿ ಕನ್ನಡ, ಸಿಟ್ಟು ಬಂದರೆ ತೆಲುಗು. ಮೊದಲ ದಿನ ಬೆಳಗ್ಗೆ, ಭತ್ತ ಸುಡುವುದಕ್ಕಿಂತ ಮುಂಚೆ, ಲಂಗ ಎತ್ತಿ ಕಟ್ಟಿಕೊಂಡು ನಾನು ಅಂಗಳಕ್ಕೆ ಇಳಿದಾಗ ಹೆಂಗಸರು ಬಾಯಿಗೆ ಸೆರಗು ಹಚ್ಚಿ ನಕ್ಕರು. ಸಾಹುಕಾರರ ಮಗಳು ಕೂಲಿಗೆ ಬಂದಾಳ, ನಮ್ಮ ಹೊಟ್ಟಿ ಮ್ಯಾಲ ಹೊಡೀತಾಳ ಅಂತ ಒಬ್ಬಳು. ಇಂಗ್ಲಿಷಿನಾಗ ಭತ್ತ ತಿರುವ್ಯಾಳು, ಬೇಗ ಒಣಗ್ತದ ಅಂತ ಇನ್ನೊಬ್ಬಳು.

ಖಾಲಾ ನಗಲಿಲ್ಲ, ನನ್ನ ಕೈ ನೋಡುತ್ತಿದ್ದಳು. ಚಿಪ್ಪು ಜಾರಿದ ದಿನದಿಂದ ನಾನು ನಿಂತರೂ ನಡೆದರೂ ಬಲಗೈ ಮೊಣಕಾಲಿನ ಮೇಲೆಯೇ ಇರುತ್ತಿತ್ತು. ಅದು ನನಗೇ ಗೊತ್ತಿರಲಿಲ್ಲ.

"ಅದೇನು ಓಡಿ ಹೋಗ್ತದೇನ್ ಬೇಟಿ, ಹಿಡಕೊಂಡು ನಿಂತೀದಿ," ಅಂದಳು. "ಎರಡೂ ಕೈ ನಡದ ಮ್ಯಾಲಿಡು. ಕಾಲು ಎತ್ತಬ್ಯಾಡ, ಎಳಿ."

ಮೊದಲ ದಿನ ಅರ್ಧ ಸಾಲು. ವಾರ ಕಳೆಯುವಷ್ಟರಲ್ಲಿ ಎರಡು. ಕಾಲಬೆರಳ ಸಂದಿಯಲ್ಲಿ ಭತ್ತ ಚುಚ್ಚುತ್ತಿತ್ತು, ಕುದಿಸಿದ ವಾಸನೆ ತಲೆಗೂದಲಿಗೆ ಅಂಟುತ್ತಿತ್ತು. ಸಾಲಿನ ತುದಿ ಬಂದಾಗ ಇಡೀ ಮೈ ತಿರುಗಿಸಿ, ಖಾಲಾನ ಹಿಂದೆ ಮತ್ತೆ ಹೊರಡುತ್ತಿದ್ದೆ. ಅಜ್ಜಿ ನೆರಳಿನಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನೋಡುತ್ತ ಕೂರುತ್ತಿದ್ದಳು. ಭತ್ತದ ಬಗ್ಗೆ ಅವಳದೇನೂ ತಕರಾರಿರಲಿಲ್ಲ.

ಮೂರನೇ ವಾರದಲ್ಲಿ ಒಮ್ಮೆ, ನಡು ಸಾಲಿನಲ್ಲಿ, ಚಿಪ್ಪು ಒಂದು ಕೂದಲೆಳೆ ಸರಿದಂತಾಯಿತು. ನಿಜವಾಗಿ ಸರಿಯಿತೋ, ಭಯವೇ ಸರಿಯಿತೋ, ಇವತ್ತಿಗೂ ಗೊತ್ತಿಲ್ಲ. ಭತ್ತದಲ್ಲೇ ಕೂತುಬಿಟ್ಟೆ. ಕೈ ಮತ್ತೆ ಮೊಣಕಾಲಿಗೆ ಹೋಯಿತು. ಇನ್ನು ಆಗುವುದಿಲ್ಲ, ಮನೆಗೆ ಹೋಗುತ್ತೇನೆ ಎಂದೆ. ಅಜ್ಜಿ ಎದ್ದು ಬರಲು ಹೊರಟಳು. ಖಾಲಾ ಕೈ ಎತ್ತಿ ಅವಳನ್ನು ಅಲ್ಲೇ ನಿಲ್ಲಿಸಿದಳು. ನನ್ನ ಪಕ್ಕ ಕೂತು ಚಿಪ್ಪಿನ ಮೇಲೆ ಬೆರಳಾಡಿಸಿ ನೋಡಿದಳು. ಅದು ತನ್ನ ಜಾಗದಲ್ಲೇ ಇತ್ತು, ಬಾವು ಇರಲಿಲ್ಲ.

"ಇಲ್ಲೇ ಅದಲ್ಲ. ಏಳು. ಅರ್ಧ ಸಾಲು ಬಿಟ್ಟು ಹೋದ್ರ ಭತ್ತ ಮುಗ್ಗಲು ಹಿಡೀತದ, ನಿಮ್ಮಪ್ಪ ನನಗ ಅಂತಾನ."

ನನ್ನ ಮೊಣಕಾಲಿಗಿಂತ ಭತ್ತವೇ ಅವಳಿಗೆ ಮುಖ್ಯವಾಯಿತೆಂದು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಎದ್ದೆ. ಉಳಿದ ಅರ್ಧ ಮುಗಿಸಿದೆ. ತುದಿ ಮುಟ್ಟಿದ ಮೇಲೆ ನೋಡಿಕೊಂಡೆ, ಎರಡೂ ಕೈ ನಡುವಿನ ಮೇಲೆಯೇ ಇದ್ದವು.

ಎಂಬತ್ತರ ದಶಕದಲ್ಲಿ ನಾನು ಶಕ್ತಿನಗರದ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಾಗ ಒಬ್ಬ ಎಂಜಿನಿಯರರ ಮಗಳಿಗೂ ಹೀಗೇ ಚಿಪ್ಪು ಜಾರಿತ್ತು. ಹೈದರಾಬಾದಿನಿಂದ ಅವಳಿಗೆ ಫಿಸಿಯೋಥೆರಪಿಯ ಟೈಪ್ ಮಾಡಿದ ಕಾಗದ ಬಂದಿತ್ತು. ಓದುತ್ತ ಹೋದಂತೆ ನಗು ಬಂತು. ಕಾಲೆತ್ತಿ ಹಿಡಿಯುವುದು, ತೂಕ, ತಡೆಯ ವಿರುದ್ಧ ನಡಿಗೆ, ತಿರುಗುವ ರೀತಿ, ಎಲ್ಲವೂ ಅದರಲ್ಲಿತ್ತು. ಸಿಟ್ಟು ಬರಿಸುವುದು ಮಾತ್ರ ಇರಲಿಲ್ಲ. ಅದನ್ನು ನಾನು ಸೇರಿಸಿದೆ.

ಆ ವರ್ಷದ ಮೇ ತಿಂಗಳ ಕೊನೆಗೆ ಡಾಕ್ಟರ ಟೇಪಿನಲ್ಲಿ ಎರಡು ತೊಡೆಗಳ ನಡುವೆ ಉಳಿದದ್ದು ಒಂದು ನೂಲಿನಷ್ಟು ಅಂತರ. ಮೂರು ಸಲ ಅಳೆದು, ಟೇಪನ್ನು ಅಪ್ಪನ ಕೈಗೆ ಕೊಟ್ಟು, ನೀವೇ ನೋಡಿ ಎಂದರು. ಅಪ್ಪ ಅಳೆಯಲಿಲ್ಲ. ಟೇಪನ್ನು ಸುತ್ತಿ ಮಡಚುತ್ತ, ಗಬ್ಬೂರಿನ ಸಂಬಂಧ ಬ್ಯಾಡ ಅಂತ ಸೋದರತ್ತೆಗೆ ಇವತ್ತೇ ಒಂದು ಕಾಗದ ಬರೀಬೇಕು ಅಂದ. ಆಮೇಲೆ, ತಡಿ, ಮೆಟ್ಟಿಲಾಗಲಿ ಅಂದ.

ಜೂನಿನ ಮೊದಲ ಸೋಮವಾರ ಅಪ್ಪ, ಅಜ್ಜಿ, ನಾನು ಕಾನ್ವೆಂಟಿನ ಗೇಟು ದಾಟಿದೆವು. ಮದರ್ ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಎಳೆ ಮಕ್ಕಳಂತೆ ಒಂದೊಂದು ಮೆಟ್ಟಿಲಿಗೆ ಎರಡೂ ಕಾಲಿಡಬಾರದು, ಕಟಾಂಜನ ಹಿಡಿಯಬಾರದು ಎಂದರು. ಹತ್ತಿದೆ. ಅದೇನೂ ಕಷ್ಟವಾಗಲಿಲ್ಲ. ಮೇಲೆ ನಿಂತು ಕೆಳಗೆ ನೋಡಿದೆ. ಇಳಿಯುವುದು ಬೇರೆಯೇ ವಿದ್ಯೆ. ಇಡೀ ಮೈ ಮಡಚಿದ ಒಂದು ಮೊಣಕಾಲಿನ ಮೇಲೆ ಬರುತ್ತದೆ. ಅದೂ ಅಲ್ಲದೆ ನಡುವೆ, ಹನ್ನೊಂದನೇ ಮೆಟ್ಟಿಲಿನಲ್ಲಿ, ಮೆಟ್ಟಿಲುಸಾಲು ಪೂರ್ತಿ ಹೊರಳುತ್ತದೆ. ಖೋ-ಖೋದಲ್ಲಿ ನಾನು ತಿರುಗಿದ್ದೂ ಅಷ್ಟೇ.

ಕೆಳಗೆ ಅಪ್ಪ ಉಸಿರು ಬಿಡದೆ ನಿಂತಿದ್ದ. ಅಜ್ಜಿಯ ತುಟಿ ಅಲ್ಲಾಡುತ್ತಿತ್ತು. ಎರಡೂ ಕೈ ನಡುವಿನ ಮೇಲಿಟ್ಟೆ. ಒಂದು, ಎರಡು, ಮೂರು. ಹೊರಳುವ ಜಾಗ ಬಂತು. ಪಾದ ಊರಿ ತಿರುಚಲಿಲ್ಲ. ಸಣ್ಣ ಹೆಜ್ಜೆ, ಇನ್ನೊಂದು ಸಣ್ಣ ಹೆಜ್ಜೆ, ಇಡೀ ಮೈ ಗೋಡೆಯಿಂದ ಅಂಗಳದ ಕಡೆ ತಿರುಗಿತು. ಉಳಿದ ಹನ್ನೊಂದನ್ನು ಯಾವಾಗ ಇಳಿದೆನೋ ತಿಳಿಯಲಿಲ್ಲ. ಮದರ್ ಸ್ವಲ್ಪ ಹೊತ್ತು ನನ್ನ ಕಾಲನ್ನೇ ನೋಡಿ, "ಯುವರ್ ಬೆಡ್ ಈಸ್ ಬೈ ದ ವಿಂಡೋ," ಎಂದರು. ಅಪ್ಪ ಕಣ್ಣೊರೆಸಿಕೊಳ್ಳಲು ಕರ್ಚೀಫು ಹುಡುಕಿದ. ಅವನ ಹತ್ತಿರ ಇರಲಿಲ್ಲ, ನನ್ನದು ಕೊಟ್ಟೆ.

ಟ್ರಂಕನ್ನು ಆಯಾ ಒಯ್ದಳು. ನಾನು ಹೊರಡುವಾಗ ಅಜ್ಜಿ ನನ್ನ ಭುಜ ಹಿಡಿದಳು. ಮೊಮ್ಮಗಳು ಮಲಗುವ ಜಾಗ ನೋಡದೆ ಹೋಗುವುದಿಲ್ಲ ಅಂದಳು. ಅವಳದು ಎಪ್ಪತ್ತರ ಮೊಣಕಾಲು. ಮೆಟ್ಟಿಲಿಗೊಂದು ಸಲ ನಿಂತು, ನನ್ನ ಮೇಲೆ ಪೂರ್ತಿ ಭಾರ ಹಾಕಿ ಹತ್ತಿದಳು. ನನ್ನ ಬಲಗಾಲು ಅವಳ ಭಾರವನ್ನೂ ತೆಗೆದುಕೊಂಡಿತು, ಕಂಪಿಸಲಿಲ್ಲ. ಮೇಲೆ ಬಂದು, ಕಿಟಕಿ ಪಕ್ಕದ ಮಂಚದ ಮೇಲೆ ಕೂತು, ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿ, ತೆಳುವಾಗಿದೆ ಎಂದು ಮುಖ ಸಿಂಡರಿಸಿದಳು. ಆಮೇಲೆ ತಾನು ಹತ್ತಿ ಬಂದ ಮೆಟ್ಟಿಲುಗಳ ಕಡೆ ನೋಡಿದಳು.

"ಬಂದೆ, ಖರೆ. ಇನ್ನ ಇಳಿಯೋದು ಹ್ಯಾಂಗ ಬೇ?"

ನಾನು ಕಲಿಸಿಕೊಡುತ್ತೇನೆ ಎಂದು ಅವಳ ಎರಡೂ ಕೈಗಳನ್ನು ತೆಗೆದು ನನ್ನ ಭುಜದ ಮೇಲಿಟ್ಟುಕೊಂಡೆ.